ಬ್ರೆಜಿಲ್ ಶೈಲಿಯ ಕಾಕ್‌ಟೇಲ್ ಲೌಂಜ್‌ನಲ್ಲಿ ಸಣ್ಣ ತಟ್ಟೆಗಳ ಊಟ: ಏನನ್ನು, ಯಾವ ಕ್ರಮದಲ್ಲಿ ತರಿಸಬೇಕು?

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ನಾದಿನಿಯ ಹುಟ್ಟುಹಬ್ಬಕ್ಕೆ ಮನೆಯ ಆರು ಮಂದಿ ಬ್ರೆಜಿಲ್ ಶೈಲಿಯ ಒಂದು ಕಾಕ್‌ಟೇಲ್ ಲೌಂಜ್‌ಗೆ ಹೋಗುವುದೆಂದು ನಿಶ್ಚಯವಾಗಿದೆ. ಅಲ್ಲಿ ಪೂರ್ಣ ಊಟವಿಲ್ಲ, ಎಲ್ಲವೂ ಹಂಚಿಕೊಂಡು ತಿನ್ನುವ ಸಣ್ಣ ತಟ್ಟೆಗಳಂತೆ. ನಾನು ಸಸ್ಯಾಹಾರಿ, ಮೊಟ್ಟೆ ತಿನ್ನುತ್ತೇನೆ. ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಾವಿಬ್ಬರೂ ಮದ್ಯ ಸೇವಿಸುವುದಿಲ್ಲ. ಉಳಿದ ನಾಲ್ವರು ಕೋಳಿ, ಮೀನು ತಿನ್ನುತ್ತಾರೆ, ಆದರೆ ದನ ಮತ್ತು ಹಂದಿಯ ಮಾಂಸ ಆಗದು. ಮೆನುವಿನ ಹೆಸರುಗಳು ಒಂದೂ ಅರ್ಥವಾಗುತ್ತಿಲ್ಲ. ಇಂಥಲ್ಲಿ ಹೊಟ್ಟೆ ತುಂಬುವುದಿಲ್ಲ, ಬಿಲ್ ಮಾತ್ರ ಏರುತ್ತದೆ ಎಂದು ಹೋಗಿಬಂದವರು ಹೇಳುತ್ತಾರೆ. ನಾವು ಏನು ತರಿಸಬೇಕು, ಯಾವುದರಲ್ಲಿ ಎಚ್ಚರ ವಹಿಸಬೇಕು?

ಉತ್ತರ: ಹೊಟ್ಟೆ ತುಂಬದೆ ಬಿಲ್ ಏರುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣವಿರುತ್ತದೆ. ಕುಳಿತ ಕೂಡಲೇ ಮೆನುವಿನ ಉದ್ದಕ್ಕೂ ಬೆರಳಾಡಿಸಿ ಹತ್ತು ತಟ್ಟೆಗಳನ್ನು ಒಟ್ಟಿಗೆ ಹೇಳಿಬಿಡುತ್ತಾರೆ. ಅಡುಗೆಮನೆಯಿಂದ ಅವೆಲ್ಲ ಒಂದೇ ಸಲ ಬಂದು, ಬಿಸಿಯಾಗಿ ತಿನ್ನಬೇಕಾದ ಕರಿದ ತಿನಿಸುಗಳು ಮೇಜಿನ ಮೇಲೆ ತಣ್ಣಗಾಗುತ್ತವೆ. ಗಂಟೆ ಕಳೆಯುವುದರೊಳಗೆ ಮತ್ತೆ ಹಸಿವಾಗಿ, ಮತ್ತೊಮ್ಮೆ ತರಿಸುತ್ತಾರೆ. ಬ್ರೆಜಿಲ್‌ನಲ್ಲಿ ಈ ಬಗೆಯ ತಿನಿಸು ಹುಟ್ಟಿದ್ದು ಲೌಂಜ್‌ಗಳಲ್ಲಲ್ಲ, ಬೊಟೆಕೊ ಎಂದು ಕರೆಯುವ ಬೀದಿಮೂಲೆಯ ಸಣ್ಣ ಬಾರುಗಳಲ್ಲಿ. ಸಂಜೆ ಕೆಲಸ ಮುಗಿಸಿದವರು ಅಲ್ಲಿ ಗಂಟೆಗಟ್ಟಲೆ ಕುಳಿತು, ಒಂದು ತಟ್ಟೆ ಮುಗಿದ ಮೇಲೆ ಇನ್ನೊಂದನ್ನು ತರಿಸುತ್ತಾರೆ. ಪೆಟಿಸ್ಕೊ ಎಂಬ ಈ ಕುರುಕಲುಗಳ ಉಪ್ಪು, ಜಿಡ್ಡು, ಗಾತ್ರ ಎಲ್ಲವೂ ಆ ನಿಧಾನದ ಗತಿಗೆ ಹೊಂದಿಕೊಂಡು ಬೆಳೆದಿವೆ. ಬೆಲೊ ಒರಿಜೊಂಚಿ ನಗರದಲ್ಲಿ 2000ನೇ ಇಸವಿಯಲ್ಲಿ ಬೊಟೆಕೊಗಳ ಅಡುಗೆಗೆಂದೇ ಸ್ಪರ್ಧೆಯೊಂದು ಆರಂಭವಾಗಿ, ಮುಂದೆ ಬ್ರೆಜಿಲ್‌ನ ಬೇರೆ ನಗರಗಳಿಗೂ ಹರಡಿತು. 2019ರಲ್ಲಿ ಯುನೆಸ್ಕೊ ಆ ನಗರವನ್ನು ಆಹಾರ ಸಂಸ್ಕೃತಿಗಾಗಿ ತನ್ನ ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿತು. ನೀವು ಹೋಗುವ ಲೌಂಜ್‌ನಲ್ಲಿ ದೀಪ ಮಂದವಾಗಿದ್ದು ಕುರ್ಚಿ ಮೆತ್ತಗಿರಬಹುದು, ಬೆಲೆಯೂ ಹೆಚ್ಚಿರಬಹುದು. ಆದರೆ ತಟ್ಟೆಯಲ್ಲಿ ಬರುವುದು ಮೂಲತಃ ಬೊಟೆಕೊದ ತಿನಿಸೇ. ಆದ್ದರಿಂದ ಬೊಟೆಕೊದ ಕ್ರಮದಲ್ಲಿಯೇ, ಒಂದು ಸಲಕ್ಕೆ ಎರಡು ಅಥವಾ ಮೂರು ತಟ್ಟೆಗಳಂತೆ ಸುತ್ತುಸುತ್ತಾಗಿ ತರಿಸಿಕೊಳ್ಳಿ. ನನ್ನ ಉತ್ತರದ ಮುಖ್ಯಾಂಶ ಇದೇ; ಉಳಿದದ್ದೆಲ್ಲ ಇದರ ವಿವರ.

ಮೊದಲ ಸುತ್ತಿಗೆ ಎರಡು ತಟ್ಟೆಗಳು ಸಾಕು: ಪಾಂವ್ ಜಿ ಕೇಜು ಎಂಬ ಚೀಸ್ ಉಂಡೆಗಳು ಮತ್ತು ಕರಿದ ಮರಗೆಣಸು. ಇವೆರಡನ್ನೂ ಮೊದಲು ಸೂಚಿಸುವುದಕ್ಕೆ ಕಾರಣವಿದೆ. ಮರಗೆಣಸು ದಕ್ಷಿಣ ಅಮೆರಿಕದ ಮೂಲದ ಗೆಡ್ಡೆ. ಪೋರ್ಚುಗೀಸರು ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಅಲ್ಲಿನ ಮೂಲನಿವಾಸಿಗಳು ಅದನ್ನು ಬೆಳೆಯುತ್ತಿದ್ದರು. ಅದರ ಕಹಿ ತಳಿಗಳಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ, ಗೆಡ್ಡೆಯನ್ನು ತುರಿದು, ಹೆಣೆದ ಉದ್ದನೆಯ ಚೀಲದಲ್ಲಿ ಹಿಂಡಿ ರಸ ತೆಗೆದು, ಉಳಿದ ಹಿಟ್ಟನ್ನು ಹುರಿಯುವ ವಿಧಾನವನ್ನು ಅವರೇ ರೂಢಿಸಿಕೊಂಡರು. ಹಿಂಡಿದ ರಸವನ್ನು ನಿಲ್ಲಲು ಬಿಟ್ಟರೆ ತಳದಲ್ಲಿ ಬಿಳಿಯ ಪಿಷ್ಟ ತಂಗುತ್ತದೆ. ನಾವು ಉಪವಾಸದ ದಿನ ಬಳಸುವ, ತಮಿಳುನಾಡಿನ ಸೇಲಂ ಕಡೆಯಿಂದ ಬರುವ ಸಾಬಕ್ಕಿ ಇದೇ ಗೆಡ್ಡೆಯ ಪಿಷ್ಟದಿಂದ ಆದದ್ದು. ಬ್ರೆಜಿಲ್‌ನ ಮಿನಾಸ್ ಜೆರಾಯ್ಸ್ ಪ್ರಾಂತ್ಯದವರು ಇದೇ ಪಿಷ್ಟವನ್ನು ನೀರಿನಲ್ಲಿ ಹುಳಿಬರಿಸಿ ಬಿಸಿಲಿನಲ್ಲಿ ಒಣಗಿಸುತ್ತಾರೆ. ಹಾಗೆ ಒಣಗಿದ ಹುಳಿಪಿಷ್ಟಕ್ಕೆ ಯೀಸ್ಟ್ ಆಗಲಿ ಸೋಡಾ ಆಗಲಿ ಇಲ್ಲದೆ ಓವನ್‌ನಲ್ಲಿ ತಾನಾಗಿ ಉಬ್ಬುವ ಗುಣ ಬರುತ್ತದೆ. ಅದಕ್ಕೆ ಹಾಲು, ಎಣ್ಣೆ, ಮೊಟ್ಟೆ, ಚೀಸ್ ಬೆರೆಸಿ ಬೇಯಿಸಿದ್ದೇ ಪಾಂವ್ ಜಿ ಕೇಜು.

ಚೆನ್ನಾಗಿ ಆದ ಪಾಂವ್ ಜಿ ಕೇಜುವನ್ನು ಗುರುತಿಸುವುದು ಕಷ್ಟವಲ್ಲ. ಹೊರಗಿನ ಪದರ ತೆಳುವಾಗಿದ್ದು, ಬೆರಳಿನಿಂದ ಒತ್ತಿದರೆ ಸಣ್ಣಗೆ ಸದ್ದು ಮಾಡಿ ಬಿರುಕು ಬಿಡಬೇಕು. ಎರಡು ಹೋಳಾಗಿ ಬಿಡಿಸಿದಾಗ ಒಳಗಿನಿಂದ ಹಬೆ ಬರಬೇಕು, ನಡುವೆ ಟೊಳ್ಳಿರಬೇಕು, ಗೋಡೆಗಳು ಹೊಳಪಾಗಿ ತೇವವಾಗಿದ್ದು ಎಳೆದರೆ ಹಿಗ್ಗಬೇಕು. ಒಳಗೆ ಬ್ರೆಡ್ಡಿನಂತೆ ಒಣಗಿದ ಪುಡಿಪುಡಿ ತಿರುಳು ಕಂಡರೆ, ಅದು ಬೆಳಿಗ್ಗೆ ಮಾಡಿಟ್ಟು ಮತ್ತೆ ಬಿಸಿಮಾಡಿದ್ದು. ಹತ್ತು ನಿಮಿಷ ಆರಿದರೂ ಇದು ರಬ್ಬರಿನಷ್ಟು ಗಟ್ಟಿಯಾಗುತ್ತದೆ, ಆದ್ದರಿಂದ ಬಂದ ಕೂಡಲೇ ತಿನ್ನಬೇಕು. ಇಷ್ಟು ಸರಳವಾದ ತಿನಿಸನ್ನು ಬಿಸಿಯಾಗಿ ಕೊಡಲಾಗದ ಅಡುಗೆಮನೆಯ ಮೇಲೆ ಮುಂದಿನ ಸುತ್ತುಗಳಿಗೆ ಹೆಚ್ಚು ಹಣ ಹಾಕಬೇಡಿ ಎಂಬುದು ನನ್ನ ದೃಢವಾದ ಸಲಹೆ. ಇದರಲ್ಲಿ ಗೋಧಿ ಇಲ್ಲ, ಆದರೆ ಮೊಟ್ಟೆ ಇದೆ; ಆದ್ದರಿಂದ ನಿಮಗೆ ಸರಿಹೋಗುತ್ತದೆ, ನಿಮ್ಮ ಅತ್ತೆಯವರಿಗೆ ಆಗದು. ಅವರಿಗೆ ಕರಿದ ಮರಗೆಣಸು ಇದೆ. ಅದನ್ನು ಮೊದಲು ಉಪ್ಪುನೀರಿನಲ್ಲಿ ಮೆತ್ತಗೆ ಬೇಯಿಸಿ, ನಡುವಿನ ನಾರು ತೆಗೆದು, ಆರಿದ ಮೇಲೆ ಕರಿಯುತ್ತಾರೆ; ಅಂಚುಗಳು ಒಡೆದು ಒರಟಾಗಿದ್ದಷ್ಟೂ ಗರಿಗರಿಯಾಗುತ್ತದೆ, ಒಳಗೆ ಹತ್ತಿಯಷ್ಟು ಮೃದುವಾಗಿರುತ್ತದೆ. ಅದರ ಬದಿಗೆ ಕೊಡುವ ಸಾಸ್‌ನಲ್ಲಿ ಮೇಯನೇಸ್ ಇದ್ದರೆ ಅದರಲ್ಲಿ ಮೊಟ್ಟೆ ಇರುತ್ತದೆ ಎಂಬುದನ್ನು ಮರೆಯಬೇಡಿ.

ಎರಡನೆಯ ಸುತ್ತಿನಲ್ಲಿ ಮೇಜು ತುಸು ತುಂಬಲಿ. ಸಸ್ಯಾಹಾರಿಗಳಿಗಾಗಿ ಮೊದಲು ಹುಡುಕಬೇಕಾದದ್ದು ದಾಜಿನ್ಯೊ ಜಿ ತಪಿಯೋಕಾ. ಮರಗೆಣಸಿನ ಪಿಷ್ಟದ ಹರಳುಗಳನ್ನು ಬಿಸಿ ಹಾಲಿನಲ್ಲಿ ನೆನೆಸಿ, ತುರಿದ ಕ್ವಾಲ್ಯೊ ಚೀಸ್ ಬೆರೆಸಿ, ತಟ್ಟೆಯಲ್ಲಿ ಹರಡಿ ಗಟ್ಟಿಯಾಗಿಸಿ, ದಾಳದಾಕಾರಕ್ಕೆ ಕತ್ತರಿಸಿ ಕರಿದು, ಸಿಹಿಖಾರದ ಸಾಸ್ ಜೊತೆ ಕೊಡುತ್ತಾರೆ. ಇದು ಹಳೆಯ ಜಾನಪದ ಅಡುಗೆಯಲ್ಲ. ಸಾವೊ ಪಾವ್ಲೊ ನಗರದ ಅಂಚಿನ ವಿಲಾ ಮೆಡೇರೊಸ್ ಬಡಾವಣೆಯಲ್ಲಿರುವ ಮೊಕೊಟೊ ಎಂಬ ಭೋಜನಾಲಯದ ಬಾಣಸಿಗ ರೊಡ್ರಿಗೊ ಒಲಿವೇರಾ ರೂಪಿಸಿದ್ದು. ಅವರ ತಂದೆ 1973ರಲ್ಲಿ ಆರಂಭಿಸಿದ ಆ ಅಂಗಡಿ, ಈಶಾನ್ಯ ಬ್ರೆಜಿಲ್‌ನ ಒಣನಾಡಿನಿಂದ ಬಂದವರ ಆಹಾರವನ್ನು ಮಹಾನಗರಕ್ಕೆ ಪರಿಚಯಿಸಿತು. ಇಂದು ಬ್ರೆಜಿಲ್ ಹೆಸರು ಹೊತ್ತ ಬಾರುಗಳ ಮೆನುವಿನಲ್ಲಿ ಈ ದಾಳಗಳು ಮತ್ತೆ ಮತ್ತೆ ಕಾಣಿಸುತ್ತವೆ. ಮೂಲ ವಿಧಾನದಲ್ಲಿ ಮೊಟ್ಟೆ ಬೇಕಿಲ್ಲ. ಆದ್ದರಿಂದ ಅತ್ತೆಯವರೂ ತಿನ್ನಬಹುದು. ಇದರ ಜೊತೆ ಕ್ವಾಲ್ಯೊ ಚೀಸನ್ನೇ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟು, ಮೇಲೆ ಕಾಕಂಬಿ ಸುರಿದು ಕೊಡುವ ತಟ್ಟೆಯೂ ಇರಬಹುದು. ಈ ಚೀಸ್ ಬಿಸಿಗೆ ಕರಗಿ ಹರಿಯುವುದಿಲ್ಲ, ಮೇಲ್ಮೈ ಮಾತ್ರ ಕಂದಾಗುತ್ತದೆ, ಕಚ್ಚಿದಾಗ ಹಲ್ಲಿಗೆ ತಾಗಿ ಕಿರುಗುಡುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಕ್ವಾಲ್ಯೊ ಸೇರಿದಂತೆ ಬಹಳಷ್ಟು ಚೀಸ್‌ಗಳಿಗೆ ಹಾಲನ್ನು ರೆನೆಟ್ ಎಂಬ ಕಿಣ್ವ ಹಾಕಿ ಒಡೆಸುತ್ತಾರೆ. ಸಾಂಪ್ರದಾಯಿಕ ರೆನೆಟ್ ಕರುವಿನ ಹೊಟ್ಟೆಯಿಂದ ತೆಗೆದದ್ದು. ಅಮೆರಿಕದ ಕಾರ್ಖಾನೆಗಳಲ್ಲಿ ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವವನ್ನು ಬಳಸುವುದೂ ವ್ಯಾಪಕವಾಗಿದೆ. ಅತ್ತೆಯವರು ಈ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದರೆ, ಚೀಸ್ ಪೊಟ್ಟಣದ ಮೇಲೆ ಏನು ಬರೆದಿದೆ ಎಂದು ನೋಡಿ ಹೇಳುವಂತೆ ಕೇಳಿಕೊಳ್ಳಿ. ಇದನ್ನು ಕೇಳಲು ಸಂಕೋಚ ಪಡಬೇಕಾಗಿಲ್ಲ; ಅಲರ್ಜಿಯ ಪ್ರಶ್ನೆಗಳಿಗೆ ಉತ್ತರಿಸಿ ಅಭ್ಯಾಸವಿರುವ ಅಡುಗೆಮನೆಗೆ ಇದು ಹೊಸದೇನಲ್ಲ.

ಕೋಳಿ ತಿನ್ನುವವರಿಗೆ ಕೊಶೀನ್ಯಾ ತರಿಸಿ. ಕೋಳಿ ಬೇಯಿಸಿದ ನೀರಿನಲ್ಲಿಯೇ ಗೋಧಿಹಿಟ್ಟನ್ನು ಮಗುಚಿ ಕಣಕ ಮಾಡಿ, ಎಳೆಎಳೆಯಾಗಿ ಬಿಡಿಸಿದ ಕೋಳಿಯ ಹೂರಣ ತುಂಬಿ, ಹನಿಯಾಕಾರಕ್ಕೆ ತಿದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದ ತಿನಿಸು ಇದು. ಹೂರಣದ ಜೊತೆ ಕಟುಪಿರಿ ಎಂಬ ಮೆತ್ತನೆಯ ಚೀಸ್ ಇದ್ದರೆ ಇನ್ನೂ ಒಳ್ಳೆಯದು. ಮೂಳೆಸಹಿತ ಸಣ್ಣ ತುಂಡುಗಳಾಗಿ ಕತ್ತರಿಸಿದ ಕೋಳಿಯನ್ನು ಗರಿಗರಿಯಾಗಿ ಕರಿದು, ಮೇಲೆ ಹುರಿದ ಬೆಳ್ಳುಳ್ಳಿ ಸುರಿಯುವ ಫ್ರಾಂಗು ಅ ಪಸರಿನ್ಯೊ ನಮ್ಮವರ ನಾಲಗೆಗೆ ಬಹಳ ಬೇಗ ಒಗ್ಗುತ್ತದೆ. ಮೀನಿನಲ್ಲಿ ಬೊಲಿನ್ಯೊ ಜಿ ಬಕಲ್ಯಾವ್ ಇದೆ: ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನನ್ನು ಒಂದು ದಿನಕ್ಕೂ ಹೆಚ್ಚು ಕಾಲ ನೀರು ಬದಲಿಸುತ್ತ ನೆನೆಸಿ, ಆಲೂಗಡ್ಡೆಯೊಂದಿಗೆ ಕಲಸಿ ಕರಿದ ಉಂಡೆ. ಪೋರ್ಚುಗೀಸರಿಂದ ಬಂದದ್ದಾದರೂ ರಿಯೊ ನಗರದ ಬಾರುಗಳಲ್ಲಿ ಇದಿಲ್ಲದ ಮೆನು ಅಪರೂಪ.

ಬೀಫ್ ಎಲ್ಲಿ ಅಡಗಿರುತ್ತದೆ ಎಂಬುದನ್ನು ತಿಳಿದಿರುವುದು ನಿಮಗೆ ಮುಖ್ಯ. ಪಿಕಾನ್ಯಾ ಎಂದರೆ ದನದ ಮಾಂಸವೆಂದು ಬಹುತೇಕರಿಗೆ ಗೊತ್ತು. ಆದರೆ ಮರಗೆಣಸಿನ ಉಂಡೆಯ ಒಳಗೆ ಉಪ್ಪು ಹಾಕಿ ಒಣಗಿಸಿದ ದನದ ಮಾಂಸ ತುಂಬುವ ರೂಢಿ ಇದೆ; ಅದರ ಹೆಸರು ಕಾರ್ನಿ ಸೆಕಾ. ಲೆಬನಾನ್‌ನಿಂದ ವಲಸೆ ಬಂದವರು ಪರಿಚಯಿಸಿದ ಕೀಬಿ ಎಂಬ ಕರಿದ ಉಂಡೆಯಲ್ಲಿಯೂ ಸಾಮಾನ್ಯವಾಗಿ ದನದ ಕೈಮಾ ಇರುತ್ತದೆ. ಹಂದಿಮಾಂಸದ ವಿಷಯ ಇನ್ನೂ ಸೂಕ್ಷ್ಮ. ಸಣ್ಣ ಲೋಟದಲ್ಲಿ ಕುಡಿಯಲು ಕೊಡುವ ಕಪ್ಪು ಹುರುಳಿಕಾಯಿ ಬೀಜದ ಸಾರು, ಬೆಳ್ಳುಳ್ಳಿಯಲ್ಲಿ ಹುರಿದ ಸೊಪ್ಪಿನ ಪಲ್ಯ, ಮರಗೆಣಸಿನ ಹಿಟ್ಟನ್ನು ಬೆಣ್ಣೆಯಲ್ಲಿ ಹುರಿದ ಫರೋಫಾ, ಈ ಮೂರೂ ನೋಡಲು ಶುದ್ಧ ಸಸ್ಯಾಹಾರದಂತೆ ಕಂಡರೂ ಬೇಕನ್ ತುಂಡುಗಳಿಂದಲೇ ಒಗ್ಗರಣೆ ಆಗಿರುವ ಸಾಧ್ಯತೆ ಹೆಚ್ಚು. ಫೇಜೊವಾಡಾ ಎಂಬ ಪ್ರಸಿದ್ಧ ಅಡುಗೆಯಲ್ಲಂತೂ ಹಂದಿಯ ಹಲವು ಭಾಗಗಳಿರುತ್ತವೆ. ಬ್ರೆಜಿಲ್‌ನಲ್ಲಿ ಅದು ಶನಿವಾರ ಮಧ್ಯಾಹ್ನದ ಭಾರೀ ಊಟವೇ ಹೊರತು ರಾತ್ರಿಯ ಕುರುಕಲಲ್ಲ. ಅದನ್ನೇ ಉಂಡೆಕಟ್ಟಿ, ಒಳಗೆ ಸೊಪ್ಪು ತುಂಬಿ ಕರಿಯುವ ಬೊಲಿನ್ಯೊ ಜಿ ಫೇಜೊವಾಡಾವನ್ನು ರಿಯೊದ ಅಕೊಂಚೆಗೊ ಕರಿಯೋಕಾ ಎಂಬ ಬಾರಿನ ಕಾಟಿಯಾ ಬಾರ್ಬೊಸಾ ಜನಪ್ರಿಯಗೊಳಿಸಿದರು. ಅದ್ಭುತವಾದ ಕಲ್ಪನೆ, ಆದರೆ ನಿಮ್ಮ ಮೇಜಿಗಲ್ಲ.

ಪಸ್ತೆಲ್ ಎಂಬ ತೆಳು ಹೊದಿಕೆಯ ಕರಿದ ತಿನಿಸಿನ ಬಗ್ಗೆಯೂ ಒಂದು ಮಾತು. ಒಳಗೆ ಚೀಸ್ ಇಲ್ಲವೇ ತಾಳೆಜಾತಿಯ ಮರದ ಎಳೆಯ ತಿರುಳಾದ ಪಲ್ಮಿಟೊ ತುಂಬಿರುವುದು ಸಸ್ಯಾಹಾರಿಗಳಿಗೆ ಸರಿ ಎನಿಸುತ್ತದೆ. ಆದರೆ ಪಸ್ತೆಲ್ ಕಣಕಕ್ಕೆ ಒಂದೆರಡು ಚಮಚ ಕಶಾಸಾ, ಅಂದರೆ ಕಬ್ಬಿನ ಮದ್ಯ, ಸೇರಿಸುವುದು ಬ್ರೆಜಿಲ್‌ನ ಹಳೆಯ ಪದ್ಧತಿ. ಕರಿಯುವಾಗ ಅದು ಆವಿಯಾಗಿ ಹೊದಿಕೆಯ ಮೇಲೆ ಸಣ್ಣ ಗುಳ್ಳೆಗಳೆದ್ದು ಗರಿಗರಿಯಾಗುತ್ತದೆ. ಕೆಲವರು ಮೊಟ್ಟೆಯನ್ನೂ ಹಾಕುತ್ತಾರೆ. ಮದ್ಯ ಸೇರಿದ್ದೆಂಬ ಕಾರಣಕ್ಕೆ ಅತ್ತೆಯವರು ಬೇಡವೆನ್ನುವುದಾದರೆ ಮೊದಲೇ ವಿಚಾರಿಸಿಕೊಳ್ಳುವುದು ಸೌಜನ್ಯ; ತಿಂದ ಮೇಲೆ ಗೊತ್ತಾಗುವುದು ಯಾರಿಗೂ ಹಿತವಲ್ಲ.

ಬಾಯಿಯಾ ಪ್ರಾಂತ್ಯದ ಅಕರಜೆ ನಿಮ್ಮ ಲೌಂಜ್‌ನ ಮೆನುವಿನಲ್ಲಿ ಇದ್ದರೆ, ಅದನ್ನು ಬಿಡಬೇಡಿ. ಅಲಸಂದೆ ಕಾಳನ್ನು ನೆನೆಸಿ, ಸಿಪ್ಪೆ ತೆಗೆದು, ಈರುಳ್ಳಿಯೊಂದಿಗೆ ರುಬ್ಬಿ, ಹಿಟ್ಟು ಹಗುರಾಗುವವರೆಗೆ ಚೆನ್ನಾಗಿ ಬಡಿದು, ಡೆಂಡೆ ಎಂಬ ಕೆಂಪು ತಾಳೆಎಣ್ಣೆಯಲ್ಲಿ ಕರಿಯುತ್ತಾರೆ. ನಮ್ಮ ಅಲಸಂದೆ ವಡೆಯನ್ನು ಬಲ್ಲವರಿಗೆ ಮೊದಲ ತುತ್ತಿಗೇ ಇದರ ಗುರುತು ಹತ್ತುತ್ತದೆ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಎಳೆತರಲ್ಪಟ್ಟವರು ತಮ್ಮೊಂದಿಗೆ ಉಳಿಸಿಕೊಂಡ ಅಡುಗೆ ಇದು. ಕಾಂಡೊಂಬ್ಲೆ ಎಂಬ ಆಫ್ರೋ-ಬ್ರೆಜಿಲ್ ಧರ್ಮದಲ್ಲಿ ಇದು ಇಯಾನ್ಸಾ ದೇವತೆಯ ನೈವೇದ್ಯವೂ ಹೌದು. ಸಾಲ್ವಡಾರ್ ನಗರದ ಬೀದಿಗಳಲ್ಲಿ ಬಿಳಿಯ ಉಡುಗೆ ತೊಟ್ಟು ಅಕರಜೆ ಮಾರುವ ಹೆಂಗಸರ ಕಸುಬನ್ನು ಬ್ರೆಜಿಲ್ ಸರ್ಕಾರದ ಪರಂಪರೆ ಸಂಸ್ಥೆ 2005ರಲ್ಲಿ ರಾಷ್ಟ್ರೀಯ ಪರಂಪರೆಯಾಗಿ ದಾಖಲಿಸಿತು. ಗುಲಾಮಗಿರಿಯನ್ನು 1888ರವರೆಗೂ ಕಾನೂನಿನಲ್ಲಿ ಉಳಿಸಿಕೊಂಡಿದ್ದ ದೇಶದಲ್ಲಿ ಆ ಹೆಂಗಸರ ದುಡಿಮೆಗೆ ಸಂದ ಈ ಮನ್ನಣೆಯನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ. ಎಚ್ಚರದ ಮಾತೆಂದರೆ, ಅಕರಜೆಯನ್ನು ಸೀಳಿ ಒಳಗೆ ತುಂಬುವ ವತಪಾ ಮತ್ತು ಬೆಂಡೆಕಾಯಿಯ ಕರುರು ಎರಡರಲ್ಲೂ ಒಣಸಿಗಡಿ ಇರುತ್ತದೆ. ಹೂರಣವಿಲ್ಲದ ಬರಿಯ ಅಕರಜೆಯನ್ನು, ಟೊಮೇಟೊ ಈರುಳ್ಳಿಯ ಹುಳಿ ಪಚ್ಚಡಿಯೊಂದಿಗೆ ಕೊಡಲು ಸಾಧ್ಯವೇ ಎಂದು ಕೇಳಿ. ಅದೇ ಎಣ್ಣೆಯಲ್ಲಿ ಸಿಗಡಿ ಕರಿದಿದ್ದಾರೆಯೇ ಎಂಬುದನ್ನೂ ಕೇಳಿ.

ಈ ಅಡುಗೆಯಲ್ಲಿ ಖಾರ ಬಹಳ ಕಡಿಮೆ. ಮೆಣಸಿನಕಾಯಿಯನ್ನು ನಮಗೆ ಕೊಟ್ಟದ್ದು ಅಮೆರಿಕ ಖಂಡಗಳೇ ಆದರೂ, ಬಾಯಿಯಾವನ್ನು ಬಿಟ್ಟರೆ ಬ್ರೆಜಿಲ್‌ನವರು ಖಾರವನ್ನು ಅಡುಗೆಯೊಳಗೆ ಬೆರೆಸದೆ ಬದಿಯಲ್ಲಿ ಇಡುತ್ತಾರೆ. ಮಲಗೆಟಾ ಎಂಬ ಸಣ್ಣ ಮೆಣಸನ್ನು ಎಣ್ಣೆಯಲ್ಲಿಯೋ ವಿನೆಗರ್‌ನಲ್ಲಿಯೋ ಹಾಕಿಟ್ಟ ಬಾಟಲಿಯನ್ನು ಕೇಳಿದರೆ ತಂದುಕೊಡುತ್ತಾರೆ. ಅದರ ಖಾರ ನಮ್ಮ ಸೂಜಿಮೆಣಸಿನಷ್ಟೇ ಚುರುಕು.

ಎರಡನೆಯ ಸುತ್ತು ಮುಗಿದ ಮೇಲೆ ಅರ್ಧ ಗಂಟೆ ಏನನ್ನೂ ತರಿಸಬೇಡಿ. ಮರಗೆಣಸು ಮತ್ತು ಚೀಸ್ ಹೊಟ್ಟೆಯಲ್ಲಿ ನಿಧಾನವಾಗಿ ತಮ್ಮ ಭಾರವನ್ನು ತೋರಿಸುತ್ತವೆ. ಆರು ಮಂದಿಗೆ ಎಷ್ಟು ಸಾಕಾಯಿತು ಎಂಬುದು ಆಗ ತಿಳಿಯುತ್ತದೆ. ಇನ್ನೂ ಹಸಿವಿದ್ದರೆ ಕೊನೆಯ ಸುತ್ತಿಗೆ ರಸವಿರುವ ಒಂದು ತಟ್ಟೆಯನ್ನು, ಸಾಧ್ಯವಾದರೆ ಅನ್ನದೊಂದಿಗೆ, ತರಿಸಿ. ಮೊಕೆಕಾ ಇದಕ್ಕೆ ತಕ್ಕದ್ದು. ಬಾಯಿಯಾದ ಮೊಕೆಕಾದಲ್ಲಿ ಮೀನನ್ನು ತೆಂಗಿನ ಹಾಲು, ಡೆಂಡೆ ಎಣ್ಣೆ, ಕೊತ್ತಂಬರಿ ಸೊಪ್ಪು, ಟೊಮೇಟೊಗಳೊಂದಿಗೆ ಮಣ್ಣಿನ ಪಾತ್ರೆಯಲ್ಲಿ ಬೇಯಿಸುತ್ತಾರೆ; ಎಸ್ಪಿರಿಟೊ ಸಾಂಟೊ ಪ್ರಾಂತ್ಯದವರು ತೆಂಗಿನ ಹಾಲನ್ನಾಗಲಿ ಡೆಂಡೆಯನ್ನಾಗಲಿ ಬಳಸದೆ, ಬಣ್ಣಕ್ಕೆ ಉರುಕುಂ ಬೀಜ ಹಾಕುತ್ತಾರೆ. ಮೀನಿನ ಬದಲು ದಪ್ಪ ಬಾಳೆಕಾಯಿ ಅಥವಾ ಪಲ್ಮಿಟೊ ಹಾಕಿದ ಮೊಕೆಕಾ ಇದ್ದರೆ ಸಸ್ಯಾಹಾರಿಗಳ ಪಾಲಿಗೆ ಅದೇ ಆ ರಾತ್ರಿಯ ಅತ್ಯುತ್ತಮ ತಟ್ಟೆಯಾಗಬಹುದು, ಮೀನು ಬೇಯಿಸಿದ ನೀರನ್ನು ಹಾಕಿಲ್ಲವೆಂದು ಖಚಿತಪಡಿಸಿಕೊಂಡರೆ. ಈ ಲೆಕ್ಕದಲ್ಲಿ ಆರು ಮಂದಿಗೆ ಎಂಟು ಅಥವಾ ಒಂಬತ್ತು ತಟ್ಟೆಗಳು ಸಾಕಾಗುತ್ತವೆ; ತಲೆಗೆ ಎರಡು ಮೂರು ತಟ್ಟೆ ಬೇಕೆಂದು ಪರಿಚಾರಕರು ಹೇಳುವ ಮಾತನ್ನು ಮೊದಲೇ ಒಪ್ಪಿಕೊಳ್ಳಬೇಕಾಗಿಲ್ಲ.

ಈಗ ಪಾನೀಯಗಳಿಗೆ ಬರೋಣ. ಕುಡಿಯುವ ನಾಲ್ವರು ಮೊದಲು ಕೈಪಿರಿನ್ಯಾ ತರಿಸಲಿ. ಇದರ ಆಧಾರವಾದ ಕಶಾಸಾವನ್ನು ತಾಜಾ ಕಬ್ಬಿನ ಹಾಲನ್ನು ಹುದುಗಿಸಿ ಬಟ್ಟಿಯಿಳಿಸಿ ಮಾಡುತ್ತಾರೆ. ರಮ್‌ನ ಬಹುಪಾಲು ಕಾಕಂಬಿಯಿಂದ ಆಗುತ್ತದೆ. ಈ ವ್ಯತ್ಯಾಸದಿಂದಲೇ ಕಶಾಸಾದಲ್ಲಿ ಹಸಿ ಕಬ್ಬಿನ, ಹುಲ್ಲಿನ ವಾಸನೆ ಉಳಿದಿರುತ್ತದೆ. ಬ್ರೆಜಿಲ್‌ನ ಕಾನೂನಿನ ಪ್ರಕಾರ ಕಶಾಸಾದಲ್ಲಿ ಮದ್ಯಸಾರ ಶೇ. 38ರಿಂದ 48ರವರೆಗೆ ಇರಬೇಕು. ಕಶಾಸಾ, ನಿಂಬೆ, ಸಕ್ಕರೆಯಿಂದ ಆದದ್ದಕ್ಕೆ ಮಾತ್ರ ಕೈಪಿರಿನ್ಯಾ ಎಂಬ ಹೆಸರು ಸಲ್ಲುತ್ತದೆ. ಹದಿನಾರನೆಯ ಶತಮಾನದಲ್ಲಿ ಸಕ್ಕರೆ ಗಾಣಗಳಲ್ಲಿ ದುಡಿಯುತ್ತಿದ್ದವರ ನಡುವೆ ಹುಟ್ಟಿದ ಈ ಮದ್ಯವನ್ನು ಪೋರ್ಚುಗಲ್‌ನ ಅರಸೊತ್ತಿಗೆ ಹತ್ತಿಕ್ಕಲು ನೋಡಿತು. ಅದರ ಮೇಲಿನ ನಿರ್ಬಂಧ ಮತ್ತು ತೆರಿಗೆಯ ಕಾರಣದಿಂದ ರಿಯೊದಲ್ಲಿ 1660-61ರಲ್ಲಿ ದಂಗೆಯೇ ಎದ್ದಿತ್ತು. ಅಮೆರಿಕದಲ್ಲಿ ಇದನ್ನು ಬ್ರೆಜಿಲಿನ ರಮ್ ಎಂಬ ಹೆಸರಿನಲ್ಲಿಯೇ ಮಾರಬೇಕಾಗಿತ್ತು. 2013ರಲ್ಲಷ್ಟೇ ಅಲ್ಲಿನ ಸರ್ಕಾರ ಕಶಾಸಾವನ್ನು ಬ್ರೆಜಿಲ್‌ನ ವಿಶಿಷ್ಟ ಉತ್ಪನ್ನವೆಂದು ಒಪ್ಪಿಕೊಂಡಿತು.

ಬಾರ್ ಕೌಂಟರ್ ಕಣ್ಣಿಗೆ ಕಾಣುವಂತಿದ್ದರೆ ಕೈಪಿರಿನ್ಯಾ ಮಾಡುವ ಕೈಗಳನ್ನು ಗಮನಿಸಿ. ನಿಂಬೆಯ ಎರಡೂ ತುದಿ ಕತ್ತರಿಸಿ, ಉದ್ದಕ್ಕೆ ಸೀಳಿ, ನಡುವಿನ ಬಿಳಿಯ ದಿಂಡನ್ನು ತೆಗೆದುಹಾಕಬೇಕು, ಏಕೆಂದರೆ ಕಹಿ ಇರುವುದು ಅದರಲ್ಲಿ. ಹೋಳುಗಳನ್ನು ಸಿಪ್ಪೆಸಹಿತ ಗಟ್ಟಿಯಾದ ಗಿಡ್ಡ ಲೋಟಕ್ಕೆ ಹಾಕಿ, ಸಕ್ಕರೆ ಉದುರಿಸಿ, ಮರದ ಕೋಲಿನಿಂದ ಕೆಲವೇ ಸಲ ಒತ್ತಬೇಕು. ಸಕ್ಕರೆಯ ಹರಳುಗಳು ಸಿಪ್ಪೆಗೆ ಉಜ್ಜಿ ಅದರ ಸುವಾಸನೆಯ ಎಣ್ಣೆಯನ್ನು ಹೊರಗೆ ಎಳೆಯುತ್ತವೆ. ಸಿಪ್ಪೆ ಜಜ್ಜಿ ಚಿಂದಿಯಾಗುವಂತೆ ಕುಟ್ಟಿದರೆ ಕಹಿ ಇಳಿಯುತ್ತದೆ. ಆಮೇಲೆ ಕಶಾಸಾ, ಐಸ್, ಒಂದು ಕಲಕು. ಸೋಸುವುದಿಲ್ಲ, ಹೋಳುಗಳು ಲೋಟದಲ್ಲೇ ಇರುತ್ತವೆ. ಬಾಟಲಿಯಿಂದ ಹಸಿರು ಹುಳಿದ್ರಾವಣ ಸುರಿದು ಕೊಡುವ ಕಡೆ ಎರಡನೆಯ ಲೋಟ ತರಿಸುವುದಕ್ಕೆ ಯಾವ ಕಾರಣವೂ ಇಲ್ಲ. ನಿಂಬೆಯ ಹುಳಿ ಮತ್ತು ಸಿಪ್ಪೆಯ ಗಂಧವೇ ಕರಿದ ಮರಗೆಣಸಿನ ಜಿಡ್ಡನ್ನು ನಾಲಗೆಯಿಂದ ತೊಳೆಯುವುದು. ಈ ಪಾನೀಯ ಮತ್ತು ಈ ತಿನಿಸು ಒಂದನ್ನೊಂದು ಬಿಟ್ಟು ಇರಲಾರವು ಎನ್ನಲು ಅದೇ ಕಾರಣ.

ಸಕ್ಕರೆಯ ಸಿಹಿಯಲ್ಲಿ ಮದ್ಯದ ತೀವ್ರತೆ ಗೊತ್ತಾಗುವುದಿಲ್ಲ ಎಂಬುದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಕೈಪಿರಿನ್ಯಾಗೆ ಸೋಡಾ, ಹಣ್ಣಿನ ರಸ ಯಾವುದೂ ಸೇರುವುದಿಲ್ಲ. ಲೋಟದಲ್ಲಿರುವ ದ್ರವದ ಹೆಚ್ಚಿನ ಪಾಲು ಮದ್ಯವೇ. ಶೇ. 40ರ ಕಶಾಸಾವನ್ನು 60 ಮಿಲಿಲೀಟರ್ ಹಾಕಿದರೆ ಶುದ್ಧ ಮದ್ಯಸಾರ 24 ಮಿಲಿಲೀಟರ್, ಅಂದರೆ ಸುಮಾರು 19 ಗ್ರಾಂ. ಅಮೆರಿಕದ ಅಳತೆಯಲ್ಲಿ ಒಂದು ಡ್ರಿಂಕ್ ಎಂದರೆ 14 ಗ್ರಾಂ. ಆದ್ದರಿಂದ ಒಂದು ಲೋಟ ಒಂದೂಕಾಲು ಡ್ರಿಂಕ್‌ಗಿಂತ ಮಿಗಿಲು. ಕಾರು ಓಡಿಸುವ ಹೊಣೆ ನಿಮ್ಮ ಮೇಲೆಯೇ ಇರಲಿ. ಎರಡನೆಯ ಲೋಟ ಬೇಕೆನ್ನುವವರು ನಿಂಬೆಯ ಬದಲು ಗೇರುಹಣ್ಣು ಹಾಕಿ ಕೈಪಿರಿನ್ಯಾದಂತೆಯೇ ಮಾಡುವ ಪಾನೀಯ ಇದೆಯೇ ಎಂದು ಕೇಳಬಹುದು. ಗೇರುಮರ ಬ್ರೆಜಿಲ್‌ನದು, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ನಮ್ಮ ಕರಾವಳಿಗೆ ಬಂದದ್ದು. ಕುಂದಾಪುರ, ಪುತ್ತೂರುಗಳ ಕಡೆ ಬೆಳೆದವರಿಗೆ ಆ ಹಣ್ಣಿನ ಒಗರು ಮತ್ತು ವಾಸನೆಯನ್ನು ಪರಿಚಯಿಸಬೇಕಾಗಿಲ್ಲ. ಕಿತ್ತ ಒಂದೆರಡು ದಿನಕ್ಕೇ ಹಣ್ಣು ಕೆಡುವುದರಿಂದ ಅಮೆರಿಕದಲ್ಲಿ ಅದರ ಹೆಪ್ಪುಗಟ್ಟಿಸಿದ ತಿರುಳನ್ನು ಬಳಸುತ್ತಾರೆ. ನಿಧಾನವಾಗಿ ಹೀರುವ ಅಭ್ಯಾಸವಿರುವವರು ಇದ್ದರೆ, ಅಂಬುರಾನಾ ಎಂಬ ಬ್ರೆಜಿಲ್ ಮರದ ಪೀಪಾಯಿಯಲ್ಲಿ ಹಣ್ಣಾದ ಕಶಾಸಾವನ್ನು ಸಣ್ಣ ಅಳತೆಯಲ್ಲಿ, ಏನನ್ನೂ ಬೆರೆಸದೆ, ರುಚಿ ನೋಡಲಿ. ಆ ಮರ ದಾಲ್ಚಿನ್ನಿ ಮತ್ತು ವೆನಿಲಾದ ವಾಸನೆ ಕೊಡುತ್ತದೆ.

ನಿಮಗೂ ಅತ್ತೆಯವರಿಗೂ ಬ್ರೆಜಿಲ್‌ನ ಲಿಂಬೆ ಪಾನಕವಿದೆ: ಸಿಪ್ಪೆಸಹಿತ ನಿಂಬೆಯನ್ನು ನೀರು, ಐಸ್, ಕಂಡೆನ್ಸ್ಡ್ ಮಿಲ್ಕ್ ಹಾಕಿ ಕ್ಷಣಕಾಲ ಮಿಕ್ಸಿಯಲ್ಲಿ ತಿರುಗಿಸಿ ಸೋಸಿದ ನೊರೆಯ ಪಾನೀಯ. ಇದನ್ನು ಬಂದ ಕೂಡಲೇ ಕುಡಿಯಬೇಕು, ನಿಂತಷ್ಟೂ ಕಹಿಯಾಗುತ್ತದೆ. ಗ್ವಾರಾನಾ ಎಂಬ ಕಾಡುಹಣ್ಣಿನ ಸೋಡಾ ಬ್ರೆಜಿಲ್‌ನಲ್ಲಿ ಬಹಳ ಜನಪ್ರಿಯ, ಆದರೆ ಅದರಲ್ಲಿ ಕೆಫೀನ್ ಇರುವುದರಿಂದ ಹಿರಿಯರಿಗೆ ರಾತ್ರಿ ನಿದ್ರೆ ಕೆಡಬಹುದು. ಮಾಕ್‌ಟೇಲ್, ಅಂದರೆ ಮದ್ಯವಿಲ್ಲದ ಕಾಕ್‌ಟೇಲ್, ತರಿಸುವುದಾದರೆ ಬಿಟರ್ಸ್ ಎಂಬ ಕಹಿ ಸಾರವನ್ನು ಹಾಕಬೇಡಿ ಎಂದು ಹೇಳಿ. ಕೆಲವೇ ಹನಿಗಳಾದರೂ ಆ ಸಣ್ಣ ಬಾಟಲಿಯ ದ್ರವದಲ್ಲಿ ಮದ್ಯಸಾರ ರಮ್‌ನಷ್ಟೇ ಪ್ರಬಲವಾಗಿರುತ್ತದೆ, ಮತ್ತು ಬಹಳಷ್ಟು ಬಾರ್‌ಗಳವರು ಅದನ್ನು ಮದ್ಯವೆಂದು ಎಣಿಸುವುದಿಲ್ಲ.

ಸಿಹಿಯಲ್ಲಿ ಅತ್ತೆಯವರಿಗೆ ತೊಂದರೆ ಇಲ್ಲ. ಕಂಡೆನ್ಸ್ಡ್ ಮಿಲ್ಕ್, ಕೋಕೊ, ಬೆಣ್ಣೆಯನ್ನು ಬಾಣಲೆಯಲ್ಲಿ ತಳ ಬಿಡುವವರೆಗೆ ಮಗುಚಿ ಉಂಡೆ ಕಟ್ಟುವ ಬ್ರಿಗಡೇರೊದಲ್ಲಿ ಮೊಟ್ಟೆ ಇರುವುದಿಲ್ಲ. ಸೀಬೆಹಣ್ಣಿನ ಗಟ್ಟಿ ಹಲ್ವವನ್ನು ಬಿಳಿಯ ಚೀಸ್ ಹೋಳಿನ ಮೇಲೆ ಇಟ್ಟು ಕೊಡುವ ತಟ್ಟೆಯಲ್ಲೂ ಇಲ್ಲ. ಪುಡಿಂ ಎಂಬ ಕ್ಯಾರಮೆಲ್ ಸಿಹಿ ಮೊಟ್ಟೆಯಿಂದಲೇ ಆದದ್ದು.

ಬಿಲ್ಲಿನ ವಿಷಯದಲ್ಲಿ ಎರಡು ಮಾತು ಸಾಕು. ಆರು ಅಥವಾ ಅದಕ್ಕಿಂತ ಹೆಚ್ಚು ಮಂದಿಯ ಗುಂಪಿಗೆ ಅಮೆರಿಕದ ಅನೇಕ ಕಡೆ ಟಿಪ್ಸ್ ಅನ್ನು ತಾವೇ ಬಿಲ್ಲಿಗೆ ಸೇರಿಸಿರುತ್ತಾರೆ. ಅದನ್ನು ನೋಡದೆ ಮತ್ತೊಮ್ಮೆ ಶೇ. 18 ಅಥವಾ 20 ಬರೆದುಕೊಡುವವರು ಬಹಳ ಮಂದಿ ಇದ್ದಾರೆ. ಸೇರಿಸಿಲ್ಲವಾದರೆ, ನ್ಯೂಜೆರ್ಸಿಯ ಶೇ. 6.625 ಮಾರಾಟ ತೆರಿಗೆ ಸೇರುವ ಮುಂಚಿನ ಮೊತ್ತದ ಮೇಲೆ ಲೆಕ್ಕ ಹಾಕಿದರೆ ಸಾಕು.

ಕಡೆಯದಾಗಿ, ಈ ಎಲ್ಲ ಪ್ರಶ್ನೆಗಳನ್ನು ಮೇಜಿನ ಬಳಿ, ಸಂಗೀತದ ಸದ್ದಿನ ನಡುವೆ, ಅವಸರದಲ್ಲಿರುವ ಪರಿಚಾರಕರನ್ನು ನಿಲ್ಲಿಸಿ ಕೇಳಬೇಡಿ. ಎರಡು ದಿನ ಮುಂಚೆ, ಮಧ್ಯಾಹ್ನ ಮೂರರಿಂದ ಐದರ ನಡುವೆ, ಅಡುಗೆಮನೆ ಬಿಡುವಾಗಿರುವ ಹೊತ್ತಿಗೆ ಫೋನ್ ಮಾಡಿ. ಸಸ್ಯಾಹಾರದ ತಟ್ಟೆಗಳಿಗೆ ಬೇರೆ ಎಣ್ಣೆಯ ಬಾಣಲೆ ಇದೆಯೇ, ಹುರುಳಿಕಾಯಿ ಬೀಜದ ಸಾರು ಮತ್ತು ಫರೋಫಾಗಳಿಗೆ ಬೇಕನ್ ಹಾಕದೆ ಕೊಡುತ್ತಾರೆಯೇ, ಚೀಸ್ ಯಾವ ರೆನೆಟ್‌ನಿಂದ ಆದದ್ದು, ಪಸ್ತೆಲ್ ಕಣಕದಲ್ಲಿ ಏನೇನಿದೆ, ಮೇಜನ್ನು ಎಷ್ಟು ಹೊತ್ತಿಗೆ ಬಿಟ್ಟುಕೊಡಬೇಕು, ಇವಿಷ್ಟನ್ನು ವಿಚಾರಿಸಿಕೊಳ್ಳಿ. ಗಂಟೆಯ ಮಿತಿ ಒಂದೂವರೆಗಿಂತ ಕಡಿಮೆ ಇದ್ದರೆ ಸುತ್ತುಸುತ್ತಾಗಿ ತರಿಸುವುದು ಕಷ್ಟವಾಗುತ್ತದೆ. ಸಂಜೆ ಬಾಗಿಲು ತೆರೆಯುವ ಹೊತ್ತಿಗೇ ಜಾಗ ಕೇಳಿ, ಆಗ ಹೆಚ್ಚು ಕಾಲ ಕೂರಲು ಬಿಡುತ್ತಾರೆ. ಲೌಂಜ್‌ಗಳ ತಗ್ಗಾದ ಸೋಫಾಗಳಲ್ಲಿ ಕುಳಿತು ಬಗ್ಗಿ ತಿನ್ನುವುದು, ಮತ್ತೆ ಏಳುವುದು ಹಿರಿಯರಿಗೆ ಕಷ್ಟ. ಬೆನ್ನು ಆನಿಸುವ ಕುರ್ಚಿ ಮತ್ತು ಸಾಧಾರಣ ಎತ್ತರದ ಮೇಜನ್ನು, ಸ್ಪೀಕರ್‌ನಿಂದ ದೂರದಲ್ಲಿ, ಅತ್ತೆಯವರ ಹೆಸರು ಹೇಳಿಯೇ ಕಾದಿರಿಸಿ.